ಶಾಲೆಗೆ ವಿಆರ್: ಏನು ಕೊಳ್ಳಬೇಕು?

ಪ್ರಶ್ನೆ: ತರಗತಿಯಲ್ಲಿ 30 ಮಕ್ಕಳಿದ್ದಾರೆ. ವಿಆರ್ (ವರ್ಚುವಲ್ ರಿಯಾಲಿಟಿ, ದೃಶ್ಯದೊಳಗೇ ಇದ್ದಂತೆ ತೋರಿಸುವ ತಂತ್ರ) ಪಾಠಕ್ಕೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಎಷ್ಟು ಬೇಕು? ಈಗಿರುವ ಕಂಪ್ಯೂಟರ್‌ಗಳು ಸಾಕೇ?

ಉತ್ತರ: ಮೂವತ್ತೂ ಬೇಡ. ಎಂಟು ಸಾಕು, ನಾಲ್ವರಿಗೊಂದರಂತೆ ಸರದಿಯಲ್ಲಿ ನೋಡಲಿ. ಕಂಪ್ಯೂಟರಿನ ಹಂಗಿಲ್ಲದೆ ತಾನಾಗಿ ನಡೆಯುವ ಹೆಡ್‌ಸೆಟ್ಟೇ ಶಾಲೆಗೆ ಸರಿ. ಬ್ಯಾಟರಿ ಸಾಮಾನ್ಯವಾಗಿ ಎರಡು ಗಂಟೆಯ ಆಸುಪಾಸು ಬರುತ್ತದೆ. ತರಗತಿ ಮುಗಿದೊಡನೆ ಚಾರ್ಜಿಗೆ ಹಾಕಿ. ಎಂಟೂ ಒಟ್ಟಿಗೆ ವಿಡಿಯೊ ಎಳೆದರೆ ವೈಫೈ ತಡವರಿಸೀತು, ಪಾಠವನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ.

ಕಂಪ್ಯೂಟರಿಗೆ ಜೋಡಿಸುವ ಬಗೆಯಾದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಚಿತ್ರ ಮೂಡಿಸುವ ಬಿಡಿಭಾಗ), 16 ಜಿಬಿ ರ‍್ಯಾಮ್ ಇರಲಿ. ಟೈಪಿಂಗ್‌ಗೆಂದು ತಂದ ಯಂತ್ರದಲ್ಲಿ ಚಿತ್ರ ತಡೆತಡೆದು ಬಂದು ಮಕ್ಕಳಿಗೆ ತಲೆಸುತ್ತುತ್ತದೆ. ಡಿಸ್‌ಪ್ಲೇ ಕೇಬಲ್ಲನ್ನು ಕಾರ್ಡಿನ ಪೋರ್ಟಿಗೇ ಚುಚ್ಚಿ. ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿ ‘ಹೆಡ್‌ಸೆಟ್ ಕೆಟ್ಟಿದೆ’ ಎನ್ನುವವರೇ ಹೆಚ್ಚು!

ಇನ್ನೊಂದು, ಹೆಡ್‌ಸೆಟ್ಟನ್ನು ಕಿಟಕಿ ಬಳಿ ಇಡಲೇಬೇಡಿ. ಮಸೂರದ ಮೂಲಕ ಬಿದ್ದ ಬಿಸಿಲು ಕೆಲವೇ ನಿಮಿಷದಲ್ಲಿ ಪರದೆಯನ್ನು ಸುಟ್ಟು ಕಲೆ ಉಳಿಸಬಲ್ಲದು.