ಅಟ್ಟ ಸೇರಿದ ಆಲ್ಬಂಗಳು: ನಿಮ್ಮ ಪ್ರಶ್ನೆ, ಆರ್‌ಜೆ ಉತ್ತರ

ಶನಿವಾರ ರಾತ್ರಿ ನಾನು ರೇಡಿಯೋದಲ್ಲಿ ಹಾಕೋ ಹಳೇ ಸೈಕೆಡೆಲಿಕ್ (ಕನಸಲ್ಲೋ ಅಮಲಲ್ಲೋ ತೇಲೋ ಹಾಗೆ ಕೇಳಿಸೋ ಸಂಗೀತ), ರಾಕ್ ಆಲ್ಬಂಗಳ ಬಗ್ಗೆ ಹೋದ ತಿಂಗಳು ಇಲ್ಲಿ ನಾಲ್ಕು ಮಾತು ಬರೆದಿದ್ದೆ, ಬಂದಾಗ ಯಾರೂ ಕಿವಿಗೆ ಹಾಕ್ಕೊಳ್ಳದೆ ಬಿಟ್ಟ ಆಲ್ಬಂಗಳು ಅವು. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು. ಎಲ್ಲಕ್ಕೂ ಜಾಗ ಇಲ್ಲ, ಕೆಲವನ್ನ ಆರಿಸ್ಕೊಂಡಿದ್ದೀನಿ.

ಪ್ರ: ಸಾರ್, ಸೈಕೆಡೆಲಿಕ್ ಅಂದ್ರೆ ನಂಗೆ ಪಿಂಕ್ ಫ್ಲಾಯ್ಡ್, ಡೋರ್ಸ್ ಅಷ್ಟೇ ಗೊತ್ತು. ಹೊಸಬನಿಗೆ ಒಂದೇ ಒಂದು ಆಲ್ಬಂ ಹೇಳಿ ಅಂದ್ರೆ ಯಾವ್ದು ಹೇಳ್ತೀರ? (ಓದುಗರು, ಧಾರವಾಡ)

ಉ: ಯೋಚನೆನೇ ಬೇಡ, ಝಾಂಬೀಸ್ ಬ್ಯಾಂಡಿನ 'ಒಡೆಸ್ಸಿ ಅಂಡ್ ಆರಕಲ್', 1968. ಇಂಗ್ಲೆಂಡಿನ ಹುಡುಗ್ರು, ಕೈಯಲ್ಲಿ ಇದ್ದಿದ್ದು ಸಾವಿರ ಪೌಂಡಿನ ಬಜೆಟ್, ಬೀಟಲ್ಸ್ ಆಗಷ್ಟೇ ಕೆಲಸ ಮುಗಿಸಿ ಹೋಗಿದ್ದ ಆಬಿ ರೋಡ್ ಸ್ಟುಡಿಯೋಗೆ 1967ರಲ್ಲಿ ಹೋಗಿ ಅಲ್ಲೇ ಇದ್ದ ಮೆಲ್ಲೊಟ್ರಾನ್ ಇಟ್ಕೊಂಡು ಹೆಚ್ಚಿನ ಹಾಡುಗಳನ್ನ ರೆಕಾರ್ಡ್ ಮಾಡಿದ್ರು. ಮೆಲ್ಲೊಟ್ರಾನ್ ಅಂದ್ರೆ ಒಂದೊಂದು ಕೀ ಒತ್ತಿದಾಗ್ಲೂ ಒಳಗಡೆ ಒಂದೊಂದು ಟೇಪ್ ಓಡಿ ಪಿಟೀಲು, ಕೊಳಲಿನ ಸದ್ದು ಬರೋ ವಾದ್ಯ, ಸ್ವಲ್ಪ ನಡುಗೋ ಹಾಗೆ ಕೇಳುತ್ತೆ, ಆ ನಡುಕದಲ್ಲೇ ಅದರ ಚೆಂದ ಇರೋದು. ಮೊದಲನೇ ಹಾಡು ಕೇಳಿ. ಒಬ್ಬ ಬೆಳಗ್ಗೆ ಎದ್ದು ಪ್ರೇಯಸಿಗೆ ಖುಷಿಯಾಗಿ ಕಾಗದ ಬರೀತಾ ಇದಾನೆ, ನೀನು ವಾಪಸ್ ಬರ್ತೀಯ ಅಂತ, ಪಿಯಾನೋ ಕುಣೀತಾ ಇದೆ, ಸ್ವಲ್ಪ ಹೊತ್ತು ಆದ್ಮೇಲೆ ನಮಗೆ ಗೊತ್ತಾಗುತ್ತೆ ಆಕೆ ಬರ್ತಿರೋದು ಜೈಲಿಂದ ಅಂತ. ನಾನು ಮೊದಲನೇ ಸಲ ಕೇಳಿದಾಗ ಅಡುಗೆಮನೆಯಲ್ಲಿ ಹಾಲು ಕಾಯಿಸ್ತಾ ಇದ್ದೆ, ಆ ಸಾಲು ಬಂದಾಗ ಅಲ್ಲೇ ನಿಂತ್ಬಿಟ್ಟೆ, ಹಾಲು ಉಕ್ಕಿ ಹೋಯ್ತು.

ಆಲ್ಬಂ ಹೊರಗೆ ಬರೋ ಹೊತ್ತಿಗೆ ಬ್ಯಾಂಡೇ ಒಡೆದು ಹೋಗಿತ್ತು. ಹಾಡೋ ಕಾಲಿನ್ ಬ್ಲನ್‌ಸ್ಟೋನ್ ಇನ್ಶೂರೆನ್ಸ್ ಆಫೀಸಲ್ಲಿ ಕೆಲಸಕ್ಕೆ ಸೇರ್ಕೊಂಡ್ರು. ಅಮೆರಿಕದ ಸಂಗೀತಗಾರ ಆಲ್ ಕೂಪರ್ ಹಟ ಹಿಡಿದು ಕೊಲಂಬಿಯಾ ಕಂಪನಿಯೋರನ್ನ ಒಪ್ಪಿಸಿದ್ದಕ್ಕೆ ಅಲ್ಲೂ ಬಿಡುಗಡೆ ಆಯ್ತು, ಅದರ ಕೊನೇ ಹಾಡು 1969ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯ್ತು. ವೇದಿಕೆ ಮೇಲೆ ಹಾಡೋಕೆ ಬ್ಯಾಂಡ್ ಎಲ್ಲಿತ್ತು? ಇರ್ಲಿಲ್ಲ. ಅಂದ ಹಾಗೆ ಕವರ್ ಬರೆದ ಕಲಾವಿದ 'ಒಡಿಸ್ಸಿ' (Odyssey) ಸ್ಪೆಲ್ಲಿಂಗನ್ನ Odessey ಅಂತ ತಪ್ಪು ಬರೆದ, ಅದೂ ಹಾಗೇ ಉಳ್ಕೊಂಡಿದೆ.

ಪ್ರ: ಇಷ್ಟು ಒಳ್ಳೇವಾಗಿದ್ರೆ ಆಗಲೇ ಯಾಕೆ ಓಡ್ಲಿಲ್ಲ? ಜನ ಕೇಳ್ಲಿಲ್ಲ ಅಂದ್ರೆ ಅದ್ರಲ್ಲಿ ಏನೋ ಕೊರತೆ ಇತ್ತು ಅಂತ ತಾನೆ? (ಓದುಗರು, ದಾವಣಗೆರೆ)

ಉ: ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ನಾನು ಈ ಶೋ ಮಾಡ್ತಿರೋದೇ ಇದಕ್ಕೆ. ಕೊರತೆ ಇದ್ದಿದ್ದು ಹಾಡಲ್ಲಿ ಅಲ್ಲ, ಹಾಡನ್ನ ನಿಮ್ಮ ಕಿವಿ ತನಕ ತಂದು ಮುಟ್ಟಿಸೋ ದಾರಿಯಲ್ಲಿ. ಪ್ರಿಟಿ ಥಿಂಗ್ಸ್ ಅನ್ನೋ ಬ್ಯಾಂಡ್ 1968ರ ಡಿಸೆಂಬರಲ್ಲಿ 'ಎಸ್.ಎಫ್. ಸಾರೋ' ಅಂತ ಒಂದು ಆಲ್ಬಂ ತಂದ್ರು, ಇಡೀ ಆಲ್ಬಂ ಒಬ್ಬ ಮನುಷ್ಯನ ಕಥೆ, ಹುಟ್ಟು, ಪ್ರೀತಿ, ಯುದ್ಧ, ಅವನ ಹುಡುಗಿ ಬರ್ತಿದ್ದ ವಾಯುನೌಕೆ (ಅನಿಲ ತುಂಬಿದ ದೊಡ್ಡ ಬಲೂನು) ಕಣ್ಣೆದುರೇ ಹತ್ತಿ ಉರಿಯೋದು, ಕೊನೆಗೆ ಒಂಟಿತನ. ಕೊನೇ ಹಾಡಲ್ಲಿ ಬರೀ ಒಂದು ಗಿಟಾರು ಒಂದು ದನಿ, ಒಂದೂವರೆ ನಿಮಿಷ, ಅಷ್ಟೇ. ಇದು ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 1969ರಲ್ಲಿ, ಅಷ್ಟರಲ್ಲಿ ದ ಹೂ ಬ್ಯಾಂಡಿನ 'ಟಾಮಿ' ಬಂದು ರಾಕ್ ಒಪೆರಾ, ಅಂದ್ರೆ ಹಾಡುಗಳಲ್ಲೇ ಒಂದು ಕಥೆ ಹೇಳೋ ಆಲ್ಬಂ, ಅಂದ್ರೆ ಅದೇ ಅಂತ ಆಗಿಹೋಗಿತ್ತು, ಮೊದಲು ಮಾಡಿದೋರೇ ನಕಲು ಮಾಡಿದೋರ ಥರ ಕಂಡ್ರು. ಹಾಡಲ್ಲೇನು ತಪ್ಪಿತ್ತು ಹೇಳಿ?

ಇನ್ನೊಂದು ಸಿಲ್ವರ್ ಆಪಲ್ಸ್. ನ್ಯೂಯಾರ್ಕಿನ ಇಬ್ಬರು, ಒಬ್ಬರು ಡ್ರಮ್ಸ್, ಇನ್ನೊಬ್ಬರು ಸಿಮಿಯಾನ್ ಅಂತ, ಲ್ಯಾಬಲ್ಲಿರೋ ಥರದ ಆಸಿಲೇಟರುಗಳನ್ನ (ಕರೆಂಟಿಂದ ಸದ್ದು ಹುಟ್ಟಿಸೋ ಯಂತ್ರ) ಒಟ್ಟಿಗೆ ಜೋಡಿಸ್ಕೊಂಡು ಕೈ, ಮೊಣಕೈ, ಕಾಲು ಎಲ್ಲ ಬಳಸಿ ನುಡಿಸ್ತಿದ್ರು. ಗಿಟಾರೇ ಇಲ್ಲ. 1969ರ ಎರಡನೇ ಆಲ್ಬಂ 'ಕಾಂಟ್ಯಾಕ್ಟ್' ಮುಂದಿನ ಕವರಲ್ಲಿ ಪ್ಯಾನ್ ಆಮ್ ವಿಮಾನದ ಕಾಕ್‌ಪಿಟ್, ಹಿಂದೆ ಬಿದ್ದ ವಿಮಾನದ ಫೋಟೋ ಹಾಕಿದ್ರು, ಕೇಸ್ ಬಿತ್ತು, ಮುಗೀತು ಕಥೆ. ನೀವು ಅದನ್ನ ಇವತ್ತು ಕೇಳಿದ್ರೆ ಇಷ್ಟು ಹಿಂದೆ ಮಾಡಿದ್ದು ಅಂತ ನಂಬೋದೇ ಕಷ್ಟ.

ಹಾಗಾಗಿ ಓಡ್ಲಿಲ್ಲ ಅನ್ನೋದನ್ನ ಚೆನ್ನಾಗಿಲ್ಲ ಅಂತ ಓದ್ಬೇಡಿ, ದಯವಿಟ್ಟು.

ಪ್ರ: ಇಂಥ ಹಾಡು ಹಾಕ್ಬೇಕು ಅಂತ ನಿಮಗೆ ಯಾರಿಂದ ಬಂತು? (ಓದುಗರು, ತುಮಕೂರು)

ಉ: ಇಂಗ್ಲೆಂಡಿನ ರೇಡಿಯೋ ನಿರೂಪಕ ಜಾನ್ ಪೀಲ್. 1967ರಲ್ಲಿ ಇಂಗ್ಲೆಂಡಿನ ಕರಾವಳಿ ಆಚೆ ಸಮುದ್ರದಲ್ಲಿ ಹಡಗು ನಿಲ್ಲಿಸ್ಕೊಂಡು ಲೈಸೆನ್ಸ್ ಇಲ್ಲದೆ ನಡೀತಿದ್ದ ರೇಡಿಯೋ ಲಂಡನ್‌ನಲ್ಲಿ ಮಧ್ಯರಾತ್ರಿ 12ರಿಂದ 2ರ ತನಕ ಇವರ ಪಾಳಿ, ಬೇರೆ ಯಾರೂ ಹಾಕದೇ ಇರೋದನ್ನೆಲ್ಲ ಹಾಕೋರು. ಆಗಸ್ಟ್ 14ಕ್ಕೆ ಸ್ಟೇಷನ್ ಮುಚ್ಚಿತು, ಹೊಸ ಕಾನೂನು ಬಂದಿತ್ತು. ಆಮೇಲೆ ಬಿಬಿಸಿ ರೇಡಿಯೋ 1, 2004ರಲ್ಲಿ ಸಾಯೋ ತನಕ ಅಲ್ಲೇ. ಅಮೆರಿಕದ ವಿಚಿತ್ರ ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ಬ್ರಿಟನ್ನಿನ ಜನಕ್ಕೆ ಕೇಳಿಸಿದ್ದು ಅವರೇ. ಕೇಳುಗರಿಗೆ ಅರ್ಥ ಆಗಲ್ಲ ಅಂತ ಅವರು ಯಾವತ್ತೂ ತಾವೇ ತೀರ್ಮಾನ ಮಾಡ್ತಿರ್ಲಿಲ್ಲ, ನಾನು ಕಲಿತಿದ್ದು ಅದನ್ನ.

ಪ್ರ: ಈ ಹಾಡು ಕೇಳೋದು ಅಂದ್ರೆ ಗಾಂಜಾ ಹೊಡೆಯೋದು ಅಂತ ಮನೆಯಲ್ಲಿ ಅಮ್ಮ ಬೈತಾರೆ. ನಶೆ ಇಲ್ದೆ ಇದು ಅರ್ಥ ಆಗಲ್ವಾ? (ಕಾಲೇಜು ವಿದ್ಯಾರ್ಥಿ, ಹಾಸನ)

ಉ: ನೋಡಪ್ಪಾ, ಅಮ್ಮಂಗೆ ಹೇಳು, ಹೆಡ್‌ಫೋನ್ ಒಂದಿದ್ರೆ ಸಾಕು ಅಂತ. ನಂಗೆ ಕಾಫಿ ಬಿಟ್ಟು ಬೇರೆ ಏನೂ ಬೇಕಾಗಿಲ್ಲ ಇದನ್ನ ಅನುಭವಿಸೋಕೆ. ಆ ದಾರಿ ಹಿಡಿದೋರಲ್ಲಿ ಎಷ್ಟೋ ಜನ ಹಾಳಾಗಿದ್ದನ್ನೂ ತಿಳ್ಕೋ. ಟೆಕ್ಸಸ್‌ನ 13ತ್ ಫ್ಲೋರ್ ಎಲಿವೇಟರ್ಸ್ ಬ್ಯಾಂಡಿನ ರಾಕಿ ಎರಿಕ್ಸನ್ 1969ರಲ್ಲಿ ಒಂದೇ ಒಂದು ಗಾಂಜಾ ಸಿಗರೇಟಿಗೆ ಸಿಕ್ಕಿಬಿದ್ರು, ಜೈಲು ತಪ್ಪಿಸ್ಕೊಳ್ಳೋಕೆ ಮಾನಸಿಕ ಅಸ್ವಸ್ಥ ಅಂತ ಹೇಳಿ ಆಸ್ಪತ್ರೆ ಸೇರಿದ್ರು, 1972ರ ತನಕ ಒಳಗೆ, ಕರೆಂಟ್ ಶಾಕು ಔಷಧಿ. ಮೋಬಿ ಗ್ರೇಪ್ ಅನ್ನೋ ಅಮೆರಿಕದ ಬ್ಯಾಂಡಲ್ಲಿದ್ದ ಸ್ಕಿಪ್ ಸ್ಪೆನ್ಸ್ ಕೂಡ ಹಾಗೇ, ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆರು ತಿಂಗಳು ಇದ್ದು ಹೊರಗೆ ಬಂದು ನ್ಯಾಶ್‌ವಿಲ್‌ಗೆ ಹೋಗಿ ಎಲ್ಲ ವಾದ್ಯ ಒಬ್ಬರೇ ನುಡಿಸಿ 'ಓರ್' ಅನ್ನೋ ಆಲ್ಬಂ ಮಾಡಿದ್ರು, 1969. ಕೇಳು ಅದನ್ನ, ಮನೆಯಲ್ಲಿ ಎಲ್ಲ ಮಲಗಿದ ಮೇಲೆ ಕೇಳು. ಒಬ್ಬ ಮನುಷ್ಯ ತನ್ನನ್ನ ತಾನೇ ಹುಡುಕ್ತಾ ಗೊಣಗ್ತಿರೋ ಹಾಗಿದೆ, ನಂಗೆ ಪ್ರತಿ ಸಲ ಕರುಳು ಚುರುಕ್ ಅನ್ನುತ್ತೆ.

ಪ್ರ: ಇಂಗ್ಲಿಷ್ ಹಾಡಿನ ಮಾತು ನಂಗೆ ಸರಿಯಾಗಿ ಹಿಡಿಯಲ್ಲ. ಬೇರೆ ದೇಶದ್ದು ಏನಾದ್ರೂ ಇದ್ಯಾ? (ಓದುಗರು, ಮಂಗಳೂರು)

ಉ: ಹಾಗಾದ್ರೆ ನಿಮಗೇ ಲಾಭ, ಅರ್ಥ ಗೊತ್ತಿಲ್ಲದಾಗ ಕಿವಿ ಜಾಸ್ತಿ ಕೆಲಸ ಮಾಡುತ್ತೆ. ಬ್ರೆಜಿಲ್‌ನ ಓಸ್ ಮುಟಾಂಚಿಸ್ ಬ್ಯಾಂಡಿನ 1968ರ ಮೊದಲ ಆಲ್ಬಂ ತಗೊಳ್ಳಿ. ಸಾವೊ ಪಾವ್ಲೊದ ಅಣ್ಣತಮ್ಮ ಇಬ್ಬರು, ಜೊತೆಗೆ ರೀಟಾ ಲೀ. ಗಿಟಾರು, ಅದರ ಸದ್ದು ಬದಲಿಸೋ ಎಫೆಕ್ಟ್ ಪೆಡಲ್ ಕೊಳ್ಳೋಕೆ ಸಿಗ್ತಿರ್ಲಿಲ್ಲ, ದೊಡ್ಡಣ್ಣ ಮನೆಯಲ್ಲೇ ಮಾಡ್ಕೊಟ್ಟ. ಆ ಆಲ್ಬಂನಲ್ಲಿ ಒಂದು ಫ್ರೆಂಚ್ ಹಾಡಿದೆ, ಅದರಲ್ಲಿ ಹಿಂದೆ ಚಿಸ್ ಚಿಸ್ ಅಂತ ಒಂದು ತಾಳ ಬರುತ್ತೆ, ಅದು ಡ್ರಮ್ಸಿನ ಹೈ-ಹ್ಯಾಟ್ ಅಲ್ಲ, ಸೊಳ್ಳೆ ತಿಗಣೆಗೆ ಹೊಡಿತಿದ್ವಲ್ಲ ಫ್ಲಿಟ್ ಥರದ್ದು, ಅದೇ! ನಮ್ಮಜ್ಜಿ ಮನೆ ಮಂಚದ ಕೆಳಗೆ ಇರ್ತಿದ್ದ ಫ್ಲಿಟ್ ಪಂಪಿನ ಸದ್ದು ಬ್ರೆಜಿಲ್‌ನ ರೆಕಾರ್ಡಲ್ಲಿ ಕೇಳಿದಾಗ ನಂಗಾದ ಸಂತೋಷ ಹೇಳೋಕಾಗಲ್ಲ. ಸೈನಿಕ ಸರ್ಕಾರದ ಕಾಲ ಅದು, ಇವರ ಗೆಳೆಯರಾದ ಹಾಡುಗಾರರು ಜಿಲ್ಬರ್ಟೊ ಜಿಲ್, ಕಾಯೆತಾನೊ ವೆಲೊಸೊ ಇಬ್ಬರನ್ನೂ ಅದೇ ವರ್ಷ ಡಿಸೆಂಬರಲ್ಲಿ ಹಿಡಿದು ಒಳಗೆ ಹಾಕಿದ್ರು, ಆಮೇಲೆ ದೇಶ ಬಿಟ್ಟು ಲಂಡನ್‌ಗೆ ಹೋಗ್ಬೇಕಾಯ್ತು.

ಟರ್ಕಿಯದ್ದು ಎರ್ಕಿನ್ ಕೊರಾಯ್, 'ಎಲೆಕ್ಟ್ರಾನಿಕ್ ತುರ್ಕುಲೆರ್', 1974. ತುರ್ಕು ಅಂದ್ರೆ ಅವರ ಜನಪದ ಗೀತೆ. ಗಂಡನ್ನ ಕಳ್ಕೊಂಡ ಹೆಂಗಸಿನ ಹಳ್ಳಿ ಪದವನ್ನ ಎಲೆಕ್ಟ್ರಿಕ್ ಗಿಟಾರಿಗೆ ಕೂರಿಸಿದ್ದಾರೆ, ನಮ್ಮ ಲಾವಣಿ, ತತ್ವಪದ ಕೇಳಿ ಬೆಳೆದೋರಿಗೆ ಆ ದುಃಖ ಒಂದು ಮಾತೂ ಗೊತ್ತಿಲ್ದೆ ತಟ್ಟುತ್ತೆ. ಕೊರಿಯಾದ ಕಿಮ್ ಜುಂಗ್ ಮಿ ಹಾಡಿದ 'ನೌ', 1973, ಅದನ್ನೂ ಬಿಡ್ಬೇಡಿ.

ಆಫ್ರಿಕಾದ ಝಾಂಬಿಯಾದಲ್ಲಂತೂ ತಾಮ್ರದ ಗಣಿ ಊರುಗಳಲ್ಲಿ ಝಾಮ್‌ರಾಕ್ ಅಂತಲೇ ಒಂದು ಥರದ ರಾಕ್ ಸಂಗೀತ ಹುಟ್ಟಿತ್ತು. ಅಧ್ಯಕ್ಷ ಕೌಂಡಾ ಅವರು ರೇಡಿಯೋದಲ್ಲಿ ನೂರಕ್ಕೆ 95ರಷ್ಟು ಝಾಂಬಿಯಾದ ಸಂಗೀತವೇ ಇರ್ಬೇಕು ಅಂತ ಆಜ್ಞೆ ಮಾಡಿದ್ರು, ಹುಡುಗ್ರು ತಮ್ಮದೇ ಹಾಡು ಕಟ್ಟಿದ್ರು. ವಿಚ್ ಬ್ಯಾಂಡಿನ 'ಲೇಝಿ ಬೋನ್ಸ್', ಅಮಾನಾಝ್ ಬ್ಯಾಂಡಿನ 'ಆಫ್ರಿಕಾ', ಎರಡೂ 1975. ತಾಮ್ರದ ಬೆಲೆ ಬಿತ್ತು, ದುಡ್ಡಿಲ್ಲ, ಆಮೇಲೆ ಏಡ್ಸ್ ಬಂದು ಎಷ್ಟೋ ಕಲಾವಿದರನ್ನ ಕರ್ಕೊಂಡು ಹೋಯ್ತು. ವಿಚ್ ಬ್ಯಾಂಡಿನ ಜಗಾರಿ ಚಾಂಡಾ ಹೊಟ್ಟೆಪಾಡಿಗೆ ಹರಳು ಕಲ್ಲು ಅಗೀತಾ ಇದ್ರು, ದಶಕಗಳ ನಂತರ ಆ ರೆಕಾರ್ಡುಗಳು ಮತ್ತೆ ಬಂದು ಅವರು ಮತ್ತೆ ವೇದಿಕೆ ಹತ್ತಿದ್ರು, 2023ರಲ್ಲಿ ಹೊಸ ಆಲ್ಬಂ ಕೂಡ ತಂದ್ರು.

ಪ್ರ: ಎಲ್‌ಪಿ ಪ್ಲೇಯರ್ ಕೊಳ್ಳಲೇಬೇಕಾ? (ಓದುಗರು, ಶಿವಮೊಗ್ಗ)

ಉ: ಬೇಡ. ಫೋನಲ್ಲೇ ಕೇಳಿ, ಆದ್ರೆ ಶಫಲ್ ಆಫ್ ಮಾಡಿ, ಮೊದಲಿಂದ ಕೊನೆ ತನಕ, ಅವರು ಜೋಡಿಸಿದ ಕ್ರಮದಲ್ಲೇ ಕೇಳಿ. ನಲವತ್ತು ನಿಮಿಷ ಕೊಡಿ ಸಾಕು.

ಪ್ರ: ಈ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ಹೆಸರು ಎಲ್ಲಾದ್ರೂ ಬರುತ್ತಾ? (ಓದುಗರು, ಬೆಂಗಳೂರು)

ಉ: ಬರುತ್ತೆ, ಬ್ಯಾಂಡಿನ ಹೆಸರಲ್ಲೇ ಬರುತ್ತೆ! ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಕ್ರಿಸ್ಟಿಯನ್ ಬುರ್ಖಾರ್ಡ್ ಕಟ್ಟಿದ ಎಂಬ್ರಿಯೊ ಅನ್ನೋ ಬ್ಯಾಂಡ್, ಮೊದಲ ಆಲ್ಬಂ 'ಓಪಲ್' ಪಕ್ಕಾ ಸೈಕೆಡೆಲಿಕ್. 1978ರಲ್ಲಿ ಇವರು ಬಸ್ಸಲ್ಲಿ ಹೊರಟು ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂದ್ರು, ದಾರಿಯುದ್ದಕ್ಕೂ ಸಿಕ್ಕಿದ ಸಂಗೀತಗಾರರ ಜೊತೆ ನುಡಿಸ್ತಾ. ಆಮೇಲೆ 1980ರಲ್ಲಿ ಒಂದು ಆಲ್ಬಂ ಬಂತು, 'ಲೈಫ್' ಅಂತ, ಕವರ್ ಮೇಲೆ ಎಂಬ್ರಿಯೊ, ಚಾರ್ಲಿ ಮಾರಿಯಾನೊ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗದ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಶಾಲೆ ಅದು, ಹಾಡೋದು ಅವರ ಪತ್ನಿ ಆರ್.ಎ. ರಮಾಮಣಿ. ಮಾರಿಯಾನೊ ಬಾಸ್ಟನ್‌ನ ಸ್ಯಾಕ್ಸೋಫೋನ್ ವಾದಕರು, ದಕ್ಷಿಣ ಭಾರತದ ನಾಗಸ್ವರವನ್ನೂ ಕಲಿತಿದ್ರು. ಮೃದಂಗ, ಸ್ಯಾಕ್ಸು, ರಮಾಮಣಿ ಅವರ ದನಿ ಒಂದಾದಾಗ ಇದು ಜಾಝಾ, ರಾಕಾ, ಕರ್ನಾಟಕ ಸಂಗೀತನಾ ಅಂತ ಕೇಳೋದೇ ಮರೆತು ಹೋಗುತ್ತೆ. ಶಾಂತವಾಗಿ ಬೇಕು ಅಂದ್ರೆ ಮಾರಿಯಾನೊ ಮತ್ತು ಇದೇ ಕಾಲೇಜಿನವರು ಸೇರಿ ಮಾಡಿದ 1983ರ 'ಜ್ಯೋತಿ' ಕೇಳಿ, ಅದು ಶುರುವಾಗೋದೇ ರಮಾಮಣಿ ಅವರ ಒಂಟಿ ದನಿಯಿಂದ.

'ಲೈಫ್' ಎಲ್‌ಪಿಗೆ ಅಂತ ನಾನು ಸಂಡೇ ಬಜಾರಲ್ಲಿ ಎಷ್ಟು ಭಾನುವಾರ ಮಂಡಿಯೂರಿ ಹುಡುಕಿದ್ದೀನೋ, ಸಿಕ್ಕಿಲ್ಲ. ನಿಮ್ಮನೆ ಅಟ್ಟದಲ್ಲೋ, ಮಾವನ ಟ್ರಂಕಲ್ಲೋ ಇದ್ರೆ ಪತ್ರಿಕೆ ವಿಳಾಸಕ್ಕೆ ಒಂದು ಕಾಗದ ಹಾಕಿ, ನಾನೇ ಬಂದು ತಗೊಂಡು ಹೋಗಿ, ಶನಿವಾರ ರಾತ್ರಿ ಎರಡೂ ಸೈಡ್ ಪೂರ್ತಿ ಹಾಕಿ, ಭಾನುವಾರ ವಾಪಸ್ ತಂದ್ಕೊಡ್ತೀನಿ.