ಜರ್ಮನಿಯಲ್ಲಿ ಮರದ ಕೆಲಸ: ಹೆಲ್ಪರ್‌ನಿಂದ ಟೆಕ್ನಿಷಿಯನ್‌ವರೆಗೆ

ನಮಸ್ಕಾರ. ನಿಮ್ಮ ಪ್ರಶ್ನೆ ನಿಧಾನವಾಗಿ ಓದಿದೆ. ಅರಣ್ಯ ವಿಜ್ಞಾನದಲ್ಲಿ ಡಿಗ್ರಿ ಮುಗಿಸಿ ಜರ್ಮನಿಗೆ ಬಂದಿದ್ದೀರಿ. ಮರಗಳ ಆರೈಕೆ ಮಾಡುವ ಕಂಪನಿಯೊಂದರಲ್ಲಿ ಹೆಲ್ಪರ್ ಆಗಿ ಸೇರಿದ್ದೀರಿ. ಬೆಳಿಗ್ಗೆಯಿಂದ ಸಂಜೆವರೆಗೆ ರೆಂಬೆ ಎಳೆದು, ಅದನ್ನು ಚೂರು ಮಾಡುವ ಚಿಪ್ಪರ್ ಯಂತ್ರಕ್ಕೆ ಹಾಕುವುದೇ ಆಗಿದೆ. "ಡಿಗ್ರಿ ಇದೆಯಲ್ಲ ಅಕ್ಕಾ, ನೇರವಾಗಿ ಸೂಪರ್‌ವೈಸರ್ ಕೋರ್ಸಿಗೆ ಸೇರಬಹುದಾ? ಹಗ್ಗ ಕಟ್ಟಿಕೊಂಡು ಮರ ಹತ್ತದೇ ಇದ್ದರೆ ನಡೆಯುತ್ತಾ? ಇಲ್ಲಿ ಈ ಕೆಲಸಕ್ಕೆ ಮರ್ಯಾದೆ ಇದೆಯಾ?" ಅಂತ ಕೇಳಿದ್ದೀರಿ. ನಾನು ಇದೇ ಕೆಲಸ ಮಾಡುತ್ತಾ ಇಲ್ಲಿ ನೆಲೆ ನಿಂತವಳು. ಗೊತ್ತಿರುವಷ್ಟು ಹೇಳುತ್ತೇನೆ.

ಮರ್ಯಾದೆ ಇದೆ. ಆ ಚಿಂತೆ ಬಿಡಿ. ಚೆನ್ನಾಗಿ ಕೆಲಸ ಬಲ್ಲವರನ್ನು ಇಲ್ಲಿ ಯಾರೂ ಕೀಳಾಗಿ ನೋಡುವುದಿಲ್ಲ, ಕೈ ಮಣ್ಣಾಗಿದ್ದರೂ ಸರಿ.

ಇನ್ನು ಕೋರ್ಸಿನ ವಿಷಯ. ಯುರೋಪಿನಲ್ಲಿ ಈ ಕೆಲಸಕ್ಕೆ ಎರಡು ಮೆಟ್ಟಿಲು ಇವೆ. ಮೊದಲನೆಯದು ಯುರೋಪಿಯನ್ ಟ್ರೀ ವರ್ಕರ್, ಅಂದರೆ ಕೈಯಾರೆ ಕೆಲಸ ಮಾಡುವವರಿಗೆ. ಎರಡನೆಯದು ಯುರೋಪಿಯನ್ ಟ್ರೀ ಟೆಕ್ನಿಷಿಯನ್, ಅಂದರೆ ಕೆಲಸ ಯೋಜಿಸಿ, ತಂಡ ನಡೆಸಿ, ಮರವನ್ನು ಪರೀಕ್ಷಿಸಿ ಸಲಹೆ ಕೊಡುವವರಿಗೆ. ಎರಡನ್ನೂ ನಡೆಸುವುದು ಯುರೋಪಿಯನ್ ಆರ್ಬೊರಿಕಲ್ಚರಲ್ ಕೌನ್ಸಿಲ್. ಜರ್ಮನಿಯಲ್ಲಿ ಇದರ ಜೊತೆಗೆ ಫಾಖ್‌ಅಗ್ರಾರ್‌ವಿರ್ಟ್ ಬೌಮ್‌ಫ್ಲೇಗೆ, ಅಂದರೆ ಮರ ಆರೈಕೆಯ ಪರಿಣತ, ಅನ್ನುವ ಸರ್ಕಾರಿ ಮಾನ್ಯತೆಯ ಪರೀಕ್ಷೆಯೂ ಇದೆ. ಹೆಚ್ಚುಕಡಿಮೆ ಟೆಕ್ನಿಷಿಯನ್ ಮಟ್ಟದ್ದೇ. ಹೈಡೆಲ್‌ಬರ್ಗ್‌ನ ಸರ್ಕಾರಿ ತೋಟಗಾರಿಕೆ ಸಂಸ್ಥೆಯಲ್ಲಿ ಇದರ ತರಬೇತಿ ಸಿಗುತ್ತದೆ, ಬೇರೆ ಕಡೆಯೂ ಇದೆ. ಪೂರ್ತಿ ಓದಬೇಕು ಅನ್ನುವವರಿಗೆ ಗ್ಯೋಟಿಂಗನ್‌ನಲ್ಲಿ ಆರ್ಬೊರಿಸ್ಟಿಕ್, ಅಂದರೆ ಮರ ಆರೈಕೆಯ ಡಿಗ್ರಿಯೇ ಉಂಟು.

ನಿಮ್ಮ ಡಿಗ್ರಿ ಇದಕ್ಕೆಲ್ಲ ಸಹಾಯ ಮಾಡುತ್ತದೆ, ಆದರೆ ಅದೊಂದೇ ಸಾಲದು. ಪರೀಕ್ಷೆಗೆ ಕೂರಿಸಿಕೊಳ್ಳುವವರು ಕೇಳುವುದು ಮರದ ಹತ್ತಿರ ಕಳೆದ ಅನುಭವವನ್ನು. ನನ್ನನ್ನು ಕೇಳಿದರೆ, ಅವರು ಕೇಳದೇ ಇದ್ದರೂ ನೀವು ಅದನ್ನು ಗಳಿಸಿಕೊಂಡೇ ಮುಂದೆ ಹೋಗಬೇಕು. ಯಾಕೆ ಅಂತ ಒಂದು ಮರದ ಉದಾಹರಣೆ ಕೊಡುತ್ತೇನೆ.

ರಸ್ತೆ ಬದಿಯ ದೊಡ್ಡ ಲಿಂಡೆನ್ ಮರ ಅಂದುಕೊಳ್ಳಿ. ಮೇಲೆ ನೋಡಿದರೆ ಸೊಂಪಾಗಿ ಚಿಗುರಿದೆ, ಒಣ ಕೊಂಬೆ ಒಂದೂ ಇಲ್ಲ. ಕೆಳಗೆ ಬಗ್ಗಿ, ಬೊಡ್ಡೆ ನೆಲ ಮುಟ್ಟುವ ಕಡೆ, ಎರಡು ದಪ್ಪ ಬೇರಿನ ಸಂದಿಯಲ್ಲಿ ಹುಲ್ಲು ಸರಿಸಿ ನೋಡಬೇಕು. ಅಲ್ಲಿ ಕಪ್ಪಗೆ, ಸುಟ್ಟ ಇದ್ದಿಲಿನ ಹಾಗೆ ಒಂದು ಪದರ ಅಂಟಿಕೊಂಡಿರುತ್ತದೆ. ಉಗುರಿನಿಂದ ಒತ್ತಿದರೆ ಪುಡಿಯಾಗುತ್ತದೆ. ಗೊತ್ತಿಲ್ಲದವರು ಯಾರೋ ಬೆಂಕಿ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಅದು ಬ್ರಾಂಡ್‌ಕ್ರುಸ್ಟನ್‌ಪಿಲ್ಟ್ಸ್ ಅನ್ನುವ ಶಿಲೀಂಧ್ರ. ವಸಂತದಲ್ಲಿ ಹೊಸದಾಗಿ ಬಂದಾಗ ಬೂದು ಬಣ್ಣ, ಅಂಚು ಬಿಳಿ. ಅದು ಬುಡವನ್ನು ಒಳಗೊಳಗೇ ಕೊಳೆಸಿ ಪಟ್ಟನೆ ಮುರಿಯುವ ಹಾಗೆ ಮಾಡುತ್ತದೆ, ಎಲೆಗೆ ಸುದ್ದಿಯೇ ಮುಟ್ಟುವುದಿಲ್ಲ. ಹಸಿರಾಗಿ ನಿಂತ ಮರವೇ ಒಂದು ದಿನ ಮುನ್ಸೂಚನೆ ಇಲ್ಲದೆ ಮುರಿದು ಬೀಳುತ್ತದೆ.

ಈಗ ಟೆಕ್ನಿಷಿಯನ್ ಏನು ಮಾಡಬೇಕು? ಮೊದಲು ಸುತ್ತಿಗೆಯಿಂದ ಬುಡದ ಸುತ್ತ ತಟ್ಟಿ ಸದ್ದು ಕೇಳಬೇಕು. ಅನುಮಾನ ಬಂದರೆ ರೆಸಿಸ್ಟೋಗ್ರಾಫ್ ಬಳಸಬೇಕು. ತೆಳು ಸೂಜಿಯಂಥ ಡ್ರಿಲ್ ಮರದೊಳಗೆ ಹೋಗುತ್ತಾ, ಎಷ್ಟು ಗಟ್ಟಿ ಇದೆ ಅನ್ನುವುದನ್ನು ಗೆರೆ ಎಳೆದು ತೋರಿಸುತ್ತದೆ. ಕೊಳೆತ ಕಡೆ ಗೆರೆ ದಬಕ್ ಅಂತ ಕೆಳಗಿಳಿಯುತ್ತದೆ. ಕಾಂಡದ ಸುತ್ತ ಸೆನ್ಸರ್ ಕಟ್ಟಿ ಶಬ್ದದಿಂದ ಚಿತ್ರ ತೆಗೆಯುವ ಟೊಮೊಗ್ರಾಫ್ ಇದೆ. ಹಗ್ಗ ಕಟ್ಟಿ ಮರವನ್ನು ಎಳೆದು ಅಳೆಯುವ ವಿಧಾನವೂ ಇದೆ. ಆದರೆ ಯಂತ್ರ ಹೇಳುವುದು ಅಂಕಿ ಮಾತ್ರ. ಮರದ ಕೆಳಗೆ ಮಕ್ಕಳ ಆಟದ ಜಾಗ ಇದೆಯೋ, ಯಾರೂ ಓಡಾಡದ ಹೊಲದ ಮೂಲೆಯೋ? ನೆತ್ತಿ ಇಳಿಸಿದರೆ ಸಾಕೋ, ಕಡಿಯಲೇಬೇಕೋ? ಅದನ್ನು ಬರೆದು ಸಹಿ ಹಾಕುವವರು ನೀವು. ಇಲ್ಲಿ ಮರ ಬಿದ್ದು ಯಾರಿಗಾದರೂ ಪೆಟ್ಟಾದರೆ, ಸರಿಯಾಗಿ ತಪಾಸಣೆ ಆಗಿತ್ತಾ ಅಂತ ಮಾಲೀಕರನ್ನು ಕೋರ್ಟು ಕೇಳುತ್ತದೆ. ಆಗ ನಿಮ್ಮ ಕಾಗದ ಹೊರಗೆ ಬರುತ್ತದೆ. ಪುಸ್ತಕದಲ್ಲಿ ಆ ಶಿಲೀಂಧ್ರದ ಫೋಟೊ ನೋಡಿದವರಿಗೂ, ಮೊಣಕಾಲೂರಿ ಹತ್ತಾರು ಬುಡ ಕೆದಕಿದವರಿಗೂ ಆ ಸಹಿಯಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ.

ಹಾಗಾಗಿ ಈಗ ರೆಂಬೆ ಎಳೆಯುತ್ತಿದ್ದೀರಲ್ಲ, ಅದನ್ನು ಸುಮ್ನೆ ಕೂಲಿ ಅಂದುಕೊಳ್ಳಬೇಡಿ. ಪ್ರತಿ ಕೊಂಬೆಯ ಕೊಯ್ದ ಮುಖ ನೋಡಿ. ಬಣ್ಣ ಬದಲಾಗಿರುವುದು ಎಲ್ಲಿವರೆಗೆ, ಅದು ಎಲ್ಲಿ ಗಕ್ಕನೆ ನಿಂತಿದೆ ಗಮನಿಸಿ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ 1977ರಲ್ಲಿ ವಿವರಿಸಿದ್ದು ಇದನ್ನೇ: ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಒಳಗೇ ಗೋಡೆ ಕಟ್ಟುತ್ತದೆ, ಮೇಲೆ ಹೊಸ ಪದರ ಬೆಳೆಸುತ್ತದೆ. ಓಕ್, ಬೀಚ್, ಲಿಂಡೆನ್ ಈ ಗೋಡೆ ಚೆನ್ನಾಗಿ ಕಟ್ಟುತ್ತವೆ. ಬರ್ಚ್, ಪೋಪ್ಲರ್, ಹಾರ್ಸ್ ಚೆಸ್ಟ್‌ನಟ್‌ಗಳಿಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೇ ಇಲ್ಲಿನ ಕೆಲಸದ ನಿಯಮಾವಳಿ ಜೆಡ್‌ಟಿವಿ ಬೌಮ್‌ಫ್ಲೇಗೆಯಲ್ಲಿ ಮೊದಲ ಗುಂಪಿಗೆ 10 ಸೆಂ.ಮೀ., ಎರಡನೆಯದಕ್ಕೆ 5 ಸೆಂ.ಮೀ.ಗಿಂತ ದೊಡ್ಡ ಗಾಯ ಆದಷ್ಟು ಮಾಡಬೇಡಿ ಅಂತ ಇದೆ. ಹಿಂದೆ ಪೊಟರೆ ಕೆರೆದು ಕಾಂಕ್ರೀಟ್ ತುಂಬುತ್ತಿದ್ದರು. ಕೆರೆದಾಗ ಮರ ಕಟ್ಟಿಕೊಂಡ ಗೋಡೆಯೇ ಒಡೆಯುತ್ತಿತ್ತು, ಪಾಪ. ಈಗ ಹಾಗೆ ಮಾಡುವುದಿಲ್ಲ.

ಮರ ಹತ್ತುವ ವಿಷಯ. ಟೆಕ್ನಿಷಿಯನ್ ಆದ ಮೇಲೆ ದಿನಾ ಹತ್ತಬೇಕು ಅಂತೇನಿಲ್ಲ. ಆದರೂ ಕಲಿಯಿರಿ, ದಯವಿಟ್ಟು. ಹಗ್ಗದಿಂದ ಮರ ಹತ್ತುವ ತರಬೇತಿಗೆ ಇಲ್ಲಿ ಎಸ್‌ಕೆಟಿ ಅನ್ನುತ್ತಾರೆ. ಎಸ್‌ಕೆಟಿ-ಎ ಐದು ದಿನದ ಕೋರ್ಸು, ಕೈಗರಗಸದವರೆಗೆ. ಎಸ್‌ಕೆಟಿ-ಬಿ ಮರದ ಮೇಲೆ ಚೈನ್‌ಸಾ ಬಳಸುವುದಕ್ಕೆ, ಅದಕ್ಕೆ ಮೊದಲು ಚೈನ್‌ಸಾ ಕೋರ್ಸು ಮತ್ತು ಹತ್ತಿದ ಗಂಟೆಗಳ ಲೆಕ್ಕ ಬೇಕು. ಮೇಲೆ ಒಬ್ಬರಿದ್ದರೆ ಕೆಳಗೆ ಅವರನ್ನು ಇಳಿಸಿ ತರಬಲ್ಲ ಇನ್ನೊಬ್ಬರು ಇರಲೇಬೇಕು. ತಂಡದಲ್ಲಿ ಹೆಂಗಸು ನಾನೊಬ್ಬಳೇ ಇದ್ದಾಗಲೂ ಹಗ್ಗದ ಮೇಲೆ ಯಾವ ಭೇದವೂ ಇರಲಿಲ್ಲ, ಗಂಟು ಸರಿ ಇದೆಯಾ ಅನ್ನುವುದೊಂದೇ ಪ್ರಶ್ನೆ. ಈಗ ಆಶ್ ಮರಗಳಿಗೆ ಬಂದಿರುವ ರೋಗ ನೋಡಿ. ಕೊಂಬೆ ಪಟ್ಟನೆ ಮುರಿಯುತ್ತದೆ. ಬುಡವೂ ಕೊಳೆತಿರಬಹುದು. ಅಂಥ ಮರಕ್ಕೆ ಹುಡುಗನೊಬ್ಬನನ್ನು ಹತ್ತಿಸಬೇಕೋ, ಕ್ರೇನ್ ತರಿಸಬೇಕೋ ಅಂತ ನೀವು ನೆಲದ ಮೇಲೆ ನಿಂತು ಹೇಳಬೇಕು. ಮೇಲೆ ಹೋಗಿ ಗೊತ್ತಿಲ್ಲದವರು ಅದನ್ನು ಹೇಗೆ ಹೇಳುತ್ತಾರೆ? ಮೇಪಲ್‌ನ ತೊಗಟೆ ಕೆಳಗೆ ಮಸಿ ಪುಡಿ ಕಂಡರೆ ಕೆಲಸ ನಿಲ್ಲಿಸಿ, ಸರಿಯಾದ ಮಾಸ್ಕ್ ಇಲ್ಲದೆ ಯಾರನ್ನೂ ಹತ್ತಿರ ಬಿಡಬಾರದು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ನೀವು ಕೇಳದ ಒಂದು ಮಾತು: ಭಾಷೆ. ನನ್ನ ಪ್ರಕಾರ ನಿಮಗೆ ನಿಜವಾದ ಅಡ್ಡಿ ಇದೇ. ಹೆಲ್ಪರ್ ಆಗಿ ಕೈಸನ್ನೆಯಲ್ಲಿ ದಿನ ಕಳೆಯಬಹುದು. ಸೂಪರ್‌ವೈಸರ್ ದಿನವಿಡೀ ಮಾತಾಡಬೇಕು, ಸಂಜೆ ಬರೆಯಬೇಕು. ಮನೆ ಮುಂದಿನ ಲಿಂಡೆನ್‌ನಿಂದ ಕಾರಿನ ಮೇಲೆ ಅಂಟು ಬೀಳುತ್ತದೆ, ನೆತ್ತಿ ಕತ್ತರಿಸಿಬಿಡಿ ಅಂತ ಒಬ್ಬರು ಬರುತ್ತಾರೆ. ಅಂಟು ಬರುವುದು ಎಲೆ ಮೇಲಿನ ಹೇನಿನಿಂದ, ನೆತ್ತಿ ಕತ್ತರಿಸಿದರೆ ಮರ ಹಾಳಾಗುತ್ತದೆ, ನಿಯಮವೂ ಒಪ್ಪುವುದಿಲ್ಲ ಅಂತ ಅವರ ಮನಸ್ಸು ನೋಯದ ಹಾಗೆ ಜರ್ಮನ್‌ನಲ್ಲಿ ಹೇಳಲು ಬರಬೇಕು. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಡಿಯುವುದಕ್ಕೆ ಪ್ರಕೃತಿ ರಕ್ಷಣಾ ಕಾನೂನಿನ ನಿರ್ಬಂಧಗಳಿವೆ. ಹಕ್ಕಿ ಗೂಡು, ಬಾವಲಿಯ ಪೊಟರೆ ಇದೆಯಾ ಅಂತ ವರ್ಷವಿಡೀ ನೋಡಲೇಬೇಕು. ಅದರ ಮೇಲೆ ಆಯಾ ಊರಿನ ಮರ ರಕ್ಷಣೆಯ ನಿಯಮ ಬೇರೆ. ಇದೆಲ್ಲ ಕಾನೂನಿನ ಭಾಷೆಯಲ್ಲೇ ಓದಬೇಕು, ಬಾಯಿ ಪರೀಕ್ಷೆಯಲ್ಲೂ ಕೇಳುತ್ತಾರೆ. ಜರ್ಮನ್ ಭಾಷೆಯ ಬಿ2 ಮಟ್ಟ ಮುಗಿಯುವ ಮುಂಚೆ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ದುಡ್ಡಿನ ಬಗ್ಗೆ ಜಾಸ್ತಿ ಹೆದರಬೇಡಿ. ಇಂಥ ಮೇಲ್ಮಟ್ಟದ ತರಬೇತಿಗೆ ಔಫ್‌ಷ್ಟೀಗ್ಸ್-ಬಾಫ್ಯೋಗ್ ಅನ್ನುವ ಸರ್ಕಾರಿ ಸಹಾಯ ಇದೆ. ಒಂದು ಭಾಗ ಸಹಾಯಧನ, ಉಳಿದದ್ದು ಸಾಲ. ಪರೀಕ್ಷೆ ಪಾಸಾದರೆ ಸಾಲದಲ್ಲೂ ಒಂದಿಷ್ಟು ಮಾಫಿ. ಷರತ್ತಿನ ಮೇಲೆ ನಮ್ಮಂಥ ಹೊರಗಿನಿಂದ ಬಂದವರಿಗೂ ಸಿಗುತ್ತದೆ. ನಿಮ್ಮ ವೀಸಾ ಯಾವುದು ಅಂತ ಹೇಳಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಈ ಚಳಿಗಾಲದಲ್ಲಿ ಎರಡು ಕೆಲಸ ಮಾಡಿ. ಡಿಗ್ರಿ ಮತ್ತು ಅಂಕಪಟ್ಟಿಯನ್ನು ಪ್ರಮಾಣಿತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ, ಪರೀಕ್ಷೆ ನಡೆಸುವ ಕಚೇರಿಗೆ ಕಳಿಸಿ, ನಿಮಗೆ ಇನ್ನೆಷ್ಟು ಅನುಭವ ಬೇಕು ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಬಾಯಿ ಮಾತು ಸಾಲದು, ಅಲ್ವಾ. ಎರಡನೆಯದು ನಿಮ್ಮ ಕಂಪನಿ ಕೊಡುವ ಕೆಲಸದ ಸರ್ಟಿಫಿಕೇಟು. ಬರೀ ಹೆಲ್ಪರ್ ಅಂತ ಬರೆದು ಕೊಟ್ಟರೆ ಸುಮ್ಮನೆ ಇಸ್ಕೊಂಡು ಬರಬೇಡಿ. ಗಿಡ ನೆಟ್ಟಿದ್ದು, ಕೊಂಬೆ ಸವರಿದ್ದು, ತಪಾಸಣೆಗೆ ಜೊತೆಗೆ ಹೋಗಿದ್ದು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಎಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹತ್ತಲು ಶುರು ಮಾಡಿದ ದಿನದಿಂದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವಾರ ವಾರ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಿ. ಕಚೇರಿಯಿಂದ ಉತ್ತರ ಬಂದ ಮೇಲೆ ಅರ್ಥವಾಗದೇ ಇದ್ದರೆ ನನಗೆ ಕಳಿಸಿ, ಕೂತು ಓದೋಣ.