ಪ್ರತಿ ಜಾಬ್ ಅಳೆದು ತಿದ್ದಿದರೂ ರಿಜೆಕ್ಷನ್ ಏಕೆ ಏರುತ್ತದೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಹೈಡ್ರಾಲಿಕ್ ಸಿಲಿಂಡರ್‌ಗಳಿಗೆ ಬೇಕಾಗುವ ಬುಶ್‌ಗಳನ್ನು ಸಿಎನ್‌ಸಿ ಲೇತ್‌ನಲ್ಲಿ ಮಾಡುತ್ತೇವೆ. ಹೊರವ್ಯಾಸ 25 ಮಿ.ಮೀ., ಟಾಲರೆನ್ಸ್ (ಅನುಮತಿಸಿದ ಹೆಚ್ಚುಕಡಿಮೆ) ±0.02. ಮೊದಲು ಆಪರೇಟರ್ ಆಗೊಂದು ಈಗೊಂದು ಜಾಬ್ (ತಯಾರಾದ ಬಿಡಿಭಾಗ) ಅಳೆಯುತ್ತಿದ್ದ. ಗುಣಮಟ್ಟ ಬಿಗಿಯಾಗಲಿ ಎಂದು ನಾನೇ ಹೊಸ ನಿಯಮ ಮಾಡಿದೆ: ಪ್ರತಿ ಜಾಬ್ ಅಳೆಯಬೇಕು, ಎಷ್ಟು ಹೆಚ್ಚುಕಡಿಮೆ ಇದೆಯೋ ಅಷ್ಟನ್ನು ಕೂಡಲೇ ಆಫ್‌ಸೆಟ್‌ನಲ್ಲಿ (ಮಷಿನ್‌ನಲ್ಲಿ ಟೂಲ್‌ನ ಸ್ಥಾನ ಹೊಂದಿಸುವ ಸಂಖ್ಯೆ) ತಿದ್ದಬೇಕು. ಅಂದಿನಿಂದ ರಿಜೆಕ್ಷನ್ ಜಾಸ್ತಿಯಾಗಿದೆ. ಆಪರೇಟರ್ ಬೇಕೆಂದೇ ಹೀಗೆ ಮಾಡುತ್ತಿರಬಹುದೇ?

ಉತ್ತರ: ಆಪರೇಟರ್‌ನನ್ನು ಸುಮ್ಮನೆ ಬಿಡಿ. ಅವನು ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಇಲ್ಲಿ ತೊಂದರೆಯಾಗಿದೆ.

ಯಾರೂ ಏನನ್ನೂ ಮುಟ್ಟದಿದ್ದರೂ ಎರಡು ಜಾಬ್‌ಗಳು ಒಂದೇ ಅಳತೆಗೆ ಬರುವುದಿಲ್ಲ. ಚಕ್‌ನಲ್ಲಿ ಬಾರ್ ಕೂರುವ ಬಗೆ, ಲೋಹದ ಗಡಸುತನ, ಕೂಲಂಟ್ ಬೀಳುವ ಜಾಗ, ಸ್ಪಿಂಡಲ್‌ನ ಬಿಸಿ, ಮೈಕ್ರೋಮೀಟರ್ ತಿರುಗಿಸುವ ಕೈ ಇವೆಲ್ಲ ಒಂದೆರಡು ಮೈಕ್ರಾನ್‌ನಂತೆ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.) ಆಚೀಚೆ ಎಳೆಯುತ್ತಲೇ ಇರುತ್ತವೆ. ಯಾವುದೂ ದೊಡ್ಡ ಕಾರಣವಲ್ಲ, ಯಾವುದನ್ನೂ ಹೆಸರು ಹಿಡಿದು ದೂರುವಂತಿಲ್ಲ. ಎಲ್ಲವೂ ಸೇರಿ ಆಗುವ ಈ ಏರುಪೇರು ಯಾದೃಚ್ಛಿಕ; ಮುಂದಿನ ಜಾಬ್ ಹೇಗೆ ಬರುತ್ತದೆ ಎಂಬುದಕ್ಕೆ ಹಿಂದಿನ ಜಾಬ್ ಸುಳಿವು ಕೊಡುವುದಿಲ್ಲ.

ಒಂದು ಜಾಬ್ 6 ಮೈಕ್ರಾನ್ ದಪ್ಪ ಬಂತು ಎನ್ನಿ. ಆ 6 ಮೈಕ್ರಾನ್ ಆ ಜಾಬ್‌ನ ಪಾಲಿಗೆ ಬಂದದ್ದು, ಮಷಿನ್‌ನ ಸೆಟ್ಟಿಂಗ್‌ನಲ್ಲಿ ಕುಳಿತದ್ದಲ್ಲ. ಆದರೂ ನೀವು ಆಫ್‌ಸೆಟ್‌ನಲ್ಲಿ 6 ಇಳಿಸುತ್ತೀರಿ. ಆಗ ಮುಂದಿನ ಜಾಬ್‌ಗೆ ಅದರದೇ ಏರುಪೇರಿನ ಜೊತೆಗೆ ಹಿಂದಿನ ಜಾಬ್‌ನ ಏರುಪೇರೂ ತಲೆಕೆಳಗಾಗಿ ಬಂದು ಸೇರುತ್ತದೆ. ಹೀಗೆ ಪ್ರತಿ ಜಾಬ್‌ಗೂ ಎರಡೆರಡು ಪಾಲು. ಗಣಿತದಲ್ಲಿ ಇದರ ಫಲ ಖಚಿತ: ವ್ಯತ್ಯಾಸಗಳ ವರ್ಗದ ಸರಾಸರಿ ಎರಡು ಪಟ್ಟಾಗುತ್ತದೆ, ಅದರ ವರ್ಗಮೂಲವಾದ ಸಿಗ್ಮಾ (ಅಳತೆಗಳ ಹರಹಿನ ಮಾಪ) 1.41 ಪಟ್ಟಾಗುತ್ತದೆ.

ನಿಮ್ಮ ಲೇತ್‌ನ ಸಿಗ್ಮಾ 5 ಮೈಕ್ರಾನ್ ಎಂದಿಟ್ಟುಕೊಳ್ಳೋಣ. ಸರಾಸರಿ ನಡುವೆ ನಿಂತಿದ್ದು, ಆಫ್‌ಸೆಟ್ ಮುಟ್ಟದೆ ಬಿಟ್ಟರೆ ±20 ಮೈಕ್ರಾನ್ ಮೀರುವ ಜಾಬ್‌ಗಳು ಲಕ್ಷಕ್ಕೆ ಸುಮಾರು 6. ಪ್ರತಿ ಸಲ ತಿದ್ದಿದರೆ ಸಿಗ್ಮಾ 7.07ಕ್ಕೆ ಏರಿ ಲಕ್ಷಕ್ಕೆ ಸುಮಾರು 470. ಅದೇ ಮಷಿನ್, ಅದೇ ಇನ್ಸರ್ಟ್ (ಲೋಹ ಕತ್ತರಿಸುವ ಬಿಟ್), ಅದೇ ಆಪರೇಟರ್. ಹೆಚ್ಚಾದದ್ದು ನಿಮ್ಮ ಕಾಳಜಿ ಮಾತ್ರ.

ಹಾಗೆಂದು ಆಫ್‌ಸೆಟ್‌ಗೆ ಕೈ ಹಚ್ಚಲೇಬಾರದು ಎಂದಲ್ಲ. ಇನ್ಸರ್ಟ್ ಸವೆದಂತೆ ಹೊರವ್ಯಾಸ ನಿಧಾನವಾಗಿ ಏರುತ್ತ ಹೋಗುತ್ತದೆ, ಅದು ಯಾದೃಚ್ಛಿಕವಲ್ಲ. ಇನ್ಸರ್ಟ್‌ನ ಮೂಲೆ ಚೂರಾದರೆ, ಬೇರೆ ಲಾಟ್‌ನ ಬಾರ್ ಬಂದರೆ ಅಳತೆ ಥಟ್ಟನೆ ಸರಿಯುತ್ತದೆ. ಅವುಗಳಿಗೆ ಹೆಸರಿದೆ, ಹುಡುಕಿದರೆ ಸಿಗುತ್ತವೆ. ಯಾದೃಚ್ಛಿಕ ಏರುಪೇರು, ಹೆಸರಿರುವ ಕಾರಣ ಎಂಬ ಈ ಎರಡು ಬಗೆಗಳನ್ನು ಬೇರ್ಪಡಿಸಲೆಂದೇ ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಕಂಟ್ರೋಲ್ ಚಾರ್ಟ್‌ನ ಮೊದಲ ಚಿತ್ರ ಬರೆದುಕೊಟ್ಟರು. ದೂರವಾಣಿ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಆಗ ಅವರ ಕೆಲಸ. ಮುಂದೆ 1947-48ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ ಭಾರತಕ್ಕೂ ಬಂದು ಹೋದರು. ಅಂದರೆ ಈ ವಿದ್ಯೆ ನಮ್ಮ ದೇಶಕ್ಕೆ ಬಂದು ಮುಕ್ಕಾಲು ಶತಮಾನ ದಾಟಿದೆ, ಉದ್ಯಮಬಾಗದ ಅನೇಕ ಶೆಡ್‌ಗಳಿಗೆ ಮಾತ್ರ ಇನ್ನೂ ತಲುಪಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಗಂಟೆಗೊಮ್ಮೆ ಸಾಲಾಗಿ ಬಂದ ಐದು ಜಾಬ್ ಅಳೆಯಿರಿ. ಐದರ ಸರಾಸರಿಯನ್ನೂ, ಅವುಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರವನ್ನೂ ಚಾರ್ಟ್‌ನಲ್ಲಿ ಗುರುತಿಸಿ. ಇಪ್ಪತ್ತು-ಇಪ್ಪತ್ತೈದು ಸಲ ಹೀಗೆ ಬರೆದ ಮೇಲೆ ಅಂತರಗಳ ಸರಾಸರಿ ತೆಗೆದು 0.577ರಿಂದ ಗುಣಿಸಿ. ಬಂದ ಸಂಖ್ಯೆಯನ್ನು ಒಟ್ಟು ಸರಾಸರಿಗೆ (ಅದೇ ನಡುಗೆರೆ) ಕೂಡಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಸಿಗ್ಮಾ 5 ಇದ್ದರೆ ಈ ಗೆರೆಗಳು ನಡುಗೆರೆಯಿಂದ ಸುಮಾರು 6.7 ಮೈಕ್ರಾನ್ ದೂರದಲ್ಲಿ ಬೀಳುತ್ತವೆ. ಐದರ ಸರಾಸರಿ ಗೆರೆಗಳೊಳಗೆ ಇರುವವರೆಗೆ ಆಫ್‌ಸೆಟ್ ಮುಟ್ಟಬೇಡಿ. ಗೆರೆ ದಾಟಿದರೆ, ಅಥವಾ ಸಾಲಾಗಿ ಎಂಟು ಬಿಂದುಗಳು ನಡುಗೆರೆಯ ಒಂದೇ ಬದಿಗೆ ಬಿದ್ದರೆ ಮೊದಲು ಕಾರಣ ನೋಡಿ, ಆಮೇಲೆ ತಿದ್ದಿ. ಒಂದು ಎಚ್ಚರಿಕೆ: ಈ ಗೆರೆಗಳನ್ನು ಡ್ರಾಯಿಂಗ್‌ನ ±0.02ರಿಂದ ಎಳೆಯಬಾರದು. ಡ್ರಾಯಿಂಗ್ ಹೇಳುವುದು ಗ್ರಾಹಕರಿಗೆ ಏನು ಬೇಕೆಂದು. ಚಾರ್ಟ್ ಹೇಳುವುದು ನಿಮ್ಮ ಮಷಿನ್‌ಗೆ ಏನು ಸಾಧ್ಯವೆಂದು.

ಅಳತೆಯ ಸಾಧನವನ್ನೂ ನೋಡಿಕೊಳ್ಳಿ. ಒಟ್ಟು ಟಾಲರೆನ್ಸ್ 0.04 ಇರುವಾಗ 0.01ರ ಮೈಕ್ರೋಮೀಟರ್ ಸಾಲದು, 0.001 ತೋರಿಸುವುದು ಬೇಕು. ಮಷಿನ್‌ನಿಂದ ಇಳಿದ ಕೂಡಲೇ ಅಳೆಯುವ ರೂಢಿ ಇದ್ದರೆ ಅದನ್ನೂ ಬಿಡಿಸಿ. 25 ಮಿ.ಮೀ. ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ತಗಡಿನ ಶೆಡ್ಡಿನಲ್ಲಿ ನೀವು ತಿದ್ದುತ್ತಿರುವುದು ಬಹುಶಃ ಬಿಸಿಲನ್ನು.

ಪ್ರಶ್ನೆ: ನಾನು ಬಾಗಲಕೋಟೆಯವನು, ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಗ್ರಾಹಕರು ಸಿಪಿಕೆ (ಟಾಲರೆನ್ಸ್‌ಗೆ ಹೋಲಿಸಿದರೆ ಕೆಲಸದ ಹರಹು ಎಷ್ಟು ಕಿರಿದು ಎಂಬ ಸೂಚ್ಯಂಕ) 1.33 ಬೇಕೆನ್ನುತ್ತಾರೆ. ನಾವು 30 ಜಾಬ್ ಅಳೆದು ಎಕ್ಸೆಲ್‌ನಲ್ಲಿ ಹಾಕಿ ಕಳಿಸುತ್ತೇವೆ. ಒಮ್ಮೆ 1.5, ಇನ್ನೊಮ್ಮೆ 1.1 ಬರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ಅಷ್ಟಾಗಿ ನಂಬಬೇಡಿ. 30 ಜಾಬ್‌ಗಳಿಂದ 1.33 ಎಂಬ ಲೆಕ್ಕ ಬಂದರೆ ನಿಜವಾದ ಸಾಮರ್ಥ್ಯ ಸುಮಾರು 1.0ರಿಂದ 1.67ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ನಿಮ್ಮ 1.5 ಮತ್ತು 1.1ರ ನಡುವೆ ಮಷಿನ್ ಬದಲಾಗಿದೆ ಎನ್ನಲು ಆಧಾರವಿಲ್ಲ.

ಮೇಲಿನ ಬುಶ್‌ನ ಲೆಕ್ಕವನ್ನೇ ನೋಡಿ. ಟಾಲರೆನ್ಸ್‌ನ ಒಟ್ಟು ಅಗಲ 40 ಮೈಕ್ರಾನ್, ಆರು ಸಿಗ್ಮಾ 30 ಮೈಕ್ರಾನ್. ಭಾಗಿಸಿದರೆ ಸರಿಯಾಗಿ 1.33. ಪ್ರತಿ ಜಾಬ್‌ಗೂ ತಿದ್ದುವ ನಿಯಮ ಬಂದ ಮೇಲೆ ಅದು 0.94. ಮಷಿನ್ ಬದಲಿಸಲು ಸಾಲ ಮಾಡುವ ಮೊದಲು ಆಫ್‌ಸೆಟ್ ಯಾರು, ಯಾವಾಗ ಮುಟ್ಟುತ್ತಾರೆ ಎಂದು ವಿಚಾರಿಸುವುದು ಅಗ್ಗ. ಇನ್ನೊಂದು ಮಾತು: ಕಂಟ್ರೋಲ್ ಚಾರ್ಟ್‌ನಲ್ಲಿ ಸ್ಥಿರವಾಗಿಲ್ಲದ ಕೆಲಸಕ್ಕೆ ಸಿಪಿಕೆ ಲೆಕ್ಕ ಹಾಕಿದರೆ ಸಿಗುವುದು ಆ ದಿನದ ಅದೃಷ್ಟದ ಸಂಖ್ಯೆ. ವರದಿಯ ಜೊತೆ ಚಾರ್ಟ್ ಕೇಳದ ಗ್ರಾಹಕರಿಗೂ ಚಾರ್ಟ್ ಕಳಿಸಿ.

ಪ್ರಶ್ನೆ: ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ನಮ್ಮ ಫೌಂಡ್ರಿ. ವಾರಕ್ಕೆ ಸುಮಾರು 500 ಕಾಸ್ಟಿಂಗ್, ಸರಾಸರಿ ರಿಜೆಕ್ಷನ್ ಶೇ. 6. ಕೆಲವು ವಾರ 4, ಕೆಲವು ವಾರ 8. ಕಡಿಮೆಯಾದ ವಾರ ಮೋಲ್ಡಿಂಗ್ ತಂಡಕ್ಕೆ ಬಹುಮಾನ ಕೊಡುತ್ತೇನೆ, ಹೆಚ್ಚಾದ ವಾರ ಗದರಿಸುತ್ತೇನೆ. ಗದರಿಸಿದ ಮರುವಾರ ಸುಧಾರಿಸುತ್ತಾರೆ, ಬಹುಮಾನ ಕೊಟ್ಟ ಮರುವಾರ ಸಡಿಲ ಬೀಳುತ್ತಾರೆ. ಬಹುಮಾನವನ್ನೇ ನಿಲ್ಲಿಸಿಬಿಡಲೇ?

ಉತ್ತರ: ಎರಡನ್ನೂ ನಿಲ್ಲಿಸಿ. ಸರಾಸರಿ ಶೇ. 6, ವಾರಕ್ಕೆ 500 ಎಂದರೆ ಕಂಟ್ರೋಲ್ ಚಾರ್ಟ್‌ನ ಮೂರು ಸಿಗ್ಮಾ ಗೆರೆಗಳು ಶೇ. 2.8 ಮತ್ತು 9.2ರಲ್ಲಿ ಬೀಳುತ್ತವೆ. ನಿಮ್ಮ 4, ನಿಮ್ಮ 8 ಎರಡೂ ಅದರೊಳಗೇ ಇವೆ. ಯಾರೂ ಏನೂ ಬದಲಿಸದೆ ಆಗುವ ಏರುಪೇರು ಅದು. ಶೇ. 8 ಬಂದ ವಾರದ ಮುಂದಿನ ವಾರ ಸರಾಸರಿಯ ಕಡೆಗೆ ಮರಳುವ ಸಾಧ್ಯತೆಯೇ ಹೆಚ್ಚು, ಗದರಿದರೂ ಗದರದಿದ್ದರೂ. ಶೇ. 4ರ ಮುಂದಿನ ವಾರವೂ ಹಾಗೆಯೇ ಮೇಲಕ್ಕೆ ಮರಳುತ್ತದೆ. ಹೀಗಾಗಿ ಬೈಗುಳಕ್ಕೆ ಬಿಟ್ಟಿ ಕೀರ್ತಿ, ಬಹುಮಾನಕ್ಕೆ ಬಿಟ್ಟಿ ಅಪಕೀರ್ತಿ. ಎಷ್ಟೋ ಮಾಲೀಕರು ಜೀವನಪೂರ್ತಿ ಸಿಡುಕಿನವರಾಗಿ ಉಳಿಯಲು ಇದೇ ಕಾರಣವೆಂದು ನನ್ನ ಗುಮಾನಿ.

ಅಮೆರಿಕದ ಗುಣಮಟ್ಟ ತಜ್ಞ ಡೆಮಿಂಗ್ ಇದನ್ನು ತಮ್ಮ ತರಬೇತಿಗಳಲ್ಲಿ ಮಣಿಗಳಿಂದ ಆಡಿ ತೋರಿಸುತ್ತಿದ್ದರು. ಪೆಟ್ಟಿಗೆಯಲ್ಲಿ 4000 ಮಣಿ, ಅದರಲ್ಲಿ 800 ಕೆಂಪು. ಐವತ್ತು ಕುಳಿಗಳ ಹಲಗೆಯನ್ನು ಅದ್ದಿ ತೆಗೆಯುವುದೇ ‘ಕೆಲಸ’, ಕೆಂಪು ಮಣಿ ಬಂದರೆ ದೋಷ. ಒಬ್ಬನಿಗೆ 5 ಬಂದರೆ ಹೊಗಳಿಕೆ, ಇನ್ನೊಬ್ಬನಿಗೆ 15 ಬಂದರೆ ಎಚ್ಚರಿಕೆ. ಪೆಟ್ಟಿಗೆಗೆ ಕೆಂಪು ಮಣಿ ಸುರಿದವರು ಆಡಳಿತದವರೇ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ನಿಮ್ಮ ಫೌಂಡ್ರಿಯಲ್ಲಿ ಆ ಮಣಿಗಳು ಮರಳಿನ ತೇವ, ಜೇಡಿಯ ಪ್ರಮಾಣ, ಕೊಂಡು ತಂದ ಸ್ಕ್ರ್ಯಾಪ್, ಲೋಹ ಸುರಿಯುವಾಗಿನ ಉಷ್ಣಾಂಶ, ಹಳೆಯ ಪ್ಯಾಟರ್ನ್. ಶೇ. 6ನ್ನು 3ಕ್ಕೆ ಇಳಿಸಬೇಕಾದರೆ ರಿಜೆಕ್ಷನ್‌ಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಎಣಿಸಿ: ಬ್ಲೋಹೋಲ್ (ಗಾಳಿಯಿಂದಾದ ತೂತು) ಎಷ್ಟು, ಮರಳು ಸೇರಿದ್ದು ಎಷ್ಟು, ಕೋಲ್ಡ್ ಶಟ್ (ಲೋಹ ಬೆಸೆಯದೆ ಉಳಿದ ಗೆರೆ) ಎಷ್ಟು, ಕುಗ್ಗಿದ್ದು ಎಷ್ಟು. ಯಾವುದು ಹೆಚ್ಚಿದೆಯೋ ಅದರ ಬೆನ್ನು ಹತ್ತಿ. ಬೆಳಗಾವಿಯ ಮಳೆಗಾಲದಲ್ಲಿ ಬ್ಲೋಹೋಲ್ ಏರಿದರೆ ಮೋಲ್ಡರ್‌ನ ಮುಖ ನೋಡುವ ಬದಲು ಮರಳಿನ ತೇವ ಪರೀಕ್ಷಿಸಿ, ಹೊಸ ಮರಳನ್ನು ಎಲ್ಲಿ ರಾಶಿ ಹಾಕಿದ್ದಾರೆ ನೋಡಿ.

ಮೇಲಿನ ಗೆರೆಗಳ ಲೆಕ್ಕದಲ್ಲಿ ಒಂದು ಷರತ್ತಿದೆ: ಒಂದು ಕಾಸ್ಟಿಂಗ್ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು. ಫೌಂಡ್ರಿಯಲ್ಲಿ ಒಂದು ಹೀಟ್ (ಒಮ್ಮೆಗೆ ಕರಗಿಸಿದ ಲೋಹ) ಕೆಟ್ಟರೆ ಹತ್ತಾರು ಒಟ್ಟಿಗೆ ಹೋಗುತ್ತವೆ. ನಿಮ್ಮಲ್ಲಿ ಹಾಗಾಗುತ್ತಿದ್ದರೆ ವಾರದ ಶೇಕಡಾವಾರನ್ನೇ ಒಂದೊಂದು ಬಿಂದುವಾಗಿ ಇಟ್ಟುಕೊಳ್ಳಿ. ಪಕ್ಕಪಕ್ಕದ ವಾರಗಳ ವ್ಯತ್ಯಾಸಗಳ ಸರಾಸರಿ ತೆಗೆದು 2.66ರಿಂದ ಗುಣಿಸಿ, ಒಟ್ಟು ಸರಾಸರಿಯಿಂದ ಅಷ್ಟೇ ಮೇಲೆ, ಅಷ್ಟೇ ಕೆಳಗೆ ಗೆರೆ ಎಳೆಯಿರಿ. ಹೀಗೆ ಎಳೆದ ಗೆರೆಗಳು ಇನ್ನೂ ಅಗಲವಾಗಿ ಬಂದರೆ ಆಶ್ಚರ್ಯಪಡಬೇಡಿ.

ಪ್ರಶ್ನೆ: ವಿಜಯಪುರದಲ್ಲಿ ಒಣದ್ರಾಕ್ಷಿ ಪ್ಯಾಕಿಂಗ್ ಮಾಡುತ್ತೇವೆ. 500 ಗ್ರಾಂ ಪೊಟ್ಟಣಕ್ಕೆ ಯಾರಿಗೂ ಕಡಿಮೆಯಾಗಬಾರದೆಂದು 510 ಗ್ರಾಂ ಗುರಿ ಇಟ್ಟಿದ್ದೇವೆ. ನೂರು ಪೊಟ್ಟಣ ತೂಗಿದರೆ 501ರಿಂದ 519ರವರೆಗೆ ಇವೆ. ಗುರಿ ಇಳಿಸಬಹುದೇ?

ಉತ್ತರ: ಈಗಲೇ ಬೇಡ, ಮೊದಲು ಹರಹು ಇಳಿಸಿ. ನೂರು ಪೊಟ್ಟಣಗಳಲ್ಲಿ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಇರುವ ಅಂತರ ಸಾಮಾನ್ಯವಾಗಿ ಸಿಗ್ಮಾದ ಐದು ಪಟ್ಟು. ನಿಮ್ಮಲ್ಲಿ 18 ಗ್ರಾಂ, ಅಂದರೆ ಸಿಗ್ಮಾ ಸುಮಾರು 3.6. ಪೊಟ್ಟಣಕ್ಕೆ ನೀವು ಹೆಚ್ಚಾಗಿ ಕೊಡುತ್ತಿರುವ 10 ಗ್ರಾಂ ಈ ಹರಹಿಗೆ ಕಟ್ಟುತ್ತಿರುವ ದಂಡ. ಹರಹು ಅರ್ಧಕ್ಕೆ ಇಳಿದರೆ ಗುರಿಯನ್ನು 505-506ಕ್ಕೆ ತಂದರೂ 500ರ ಕೆಳಗೆ ಬೀಳುವ ಭಯ ಈಗಿನಷ್ಟೇ ಇರುತ್ತದೆ. ಸಾವಿರ ಪೊಟ್ಟಣಕ್ಕೆ ನಾಲ್ಕೈದು ಕಿಲೋ ಒಣದ್ರಾಕ್ಷಿ ಉಳಿಯುತ್ತದೆ.

ಕಾನೂನು ಇದಕ್ಕಿಂತ ಸಡಿಲ. ಸರಾಸರಿ 500ಕ್ಕಿಂತ ಕಡಿಮೆ ಇರಬಾರದು. ಒಂದು ಪೊಟ್ಟಣದಲ್ಲಿ ಈ ತೂಕಕ್ಕೆ ಅನುಮತಿಸಿರುವ ಕೊರತೆ 15 ಗ್ರಾಂ. ಆದರೆ ಪೊಟ್ಟಣವನ್ನು ಮನೆಯಲ್ಲಿ ತೂಗಿ ನೋಡುವ ಗ್ರಾಹಕರು ನಿಯಮಾವಳಿ ಓದಿರುವುದಿಲ್ಲ, ಆದ್ದರಿಂದ ನಿಮ್ಮ ಸಂಕೋಚವೇ ಸರಿ ಎನ್ನುತ್ತೇನೆ.

ಹರಹು ಇಳಿಸಲು ಅಂಟಿಕೊಂಡ ಗೊಂಚಲುಗಳನ್ನು ತುಂಬುವ ಮೊದಲೇ ಬಿಡಿಸಿ. ಡಬರಿಯಿಂದ 490ರವರೆಗೆ ಸುರಿದು ಉಳಿದದ್ದನ್ನು ಚಿಟಿಕೆಯಲ್ಲಿ ಹಾಕಿಸಿ. ತಕ್ಕಡಿಯ ಮೇಲೆ ಫ್ಯಾನ್ ಗಾಳಿ ನೇರವಾಗಿ ಬೀಳದಂತೆ ನೋಡಿಕೊಳ್ಳಿ, ಬೆಳಿಗ್ಗೆ-ಮಧ್ಯಾಹ್ನ ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿ. ಸೀಲ್ ಸರಿಯಾಗಿ ಕೂರದ ಪೊಟ್ಟಣ ವಿಜಯಪುರದ ಒಣ ಹವೆಯಲ್ಲಿ ತೇವ ಕಳೆದುಕೊಳ್ಳುತ್ತದೆ. ಹತ್ತು ಪೊಟ್ಟಣಗಳನ್ನು ತೂಗಿ ಬರೆದಿಟ್ಟು, ತಿಂಗಳ ನಂತರ ಮತ್ತೆ ತೂಗಿ, ಅದರಲ್ಲಿ ಎಷ್ಟು ಇಳಿಯಿತೋ ಅಷ್ಟನ್ನು ಹೊಸ ಗುರಿಗೆ ಸೇರಿಸಿಕೊಳ್ಳಿ.